ಮುಂಭಾಗದಲ್ಲಿ ಒಡೆದ ನೈಟ್ ಗಾರ್ಡ್

ಕೊರೋನ ಮುಗಿದು ಜನ ಮುಖದ ಮಾಸ್ಕ್ ಕಿತ್ತೆಸೆದ ಮರುವರ್ಷದ ಮಾತು. ಆಗ ನಾನು ಹಾನುಬಾಳಿನಲ್ಲಿ ಹಲ್ಲಿನ ಡಾಕ್ಟರಾಗಿ ಹದಿನೆಂಟು ವರ್ಷ ಕಳೆದಿದ್ದೆ. ಜೀಪ್ ಸ್ಟ್ಯಾಂಡಿನ ಎದುರು ಎರಡು ಕೋಣೆಯ ಕ್ಲಿನಿಕ್, ಒಂದು ಕುರ್ಚಿ, ಒಂದು ಎಕ್ಸ್‌ರೇ ಮೆಶಿನ್, ಮೊದಲ ದಿನದಿಂದಲೂ ಜೊತೆಗಿದ್ದ ಸಹಾಯಕಿ ರಜಿಯಾ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಊರಿಗೆಲ್ಲ ಗೊತ್ತು. ಸಿಟ್ಟಿಗೆ ಕಾರಣವೂ ಇತ್ತು. ನಮ್ಮ ಕಡೆಯವರು ಹಲ್ಲಿನಲ್ಲಿ ತೂತು ಬಿದ್ದಾಗ ಬರುವುದಿಲ್ಲ, ನೋವು ಶುರುವಾದಾಗಲೂ ಬರುವುದಿಲ್ಲ. ಲವಂಗ, ಹೊಗೆಸೊಪ್ಪು, ಅಂಗಡಿ ಮಾತ್ರೆ ಎಲ್ಲ ಮುಗಿದು ಕೆನ್ನೆ ಬನ್ನಿನ ಹಾಗೆ ಊದಿಕೊಂಡ ಮೇಲೆ ಬಂದು, "ಕಿತ್ತಾಕ್ಬುಡಿ ಡಾಕ್ಟ್ರೆ" ಅನ್ನುತ್ತಾರೆ. ಉಳಿಸಬಹುದಾದ ಹಲ್ಲನ್ನು ಕೀಳುವಾಗ ನನಗೆ ನನ್ನದೇ ಹಲ್ಲು ಕಿತ್ತಷ್ಟು ಸಂಕಟವಾಗುತ್ತಿತ್ತು.

ಅಂಥ ಊರಿನಲ್ಲಿ ಒಂದು ಜನವರಿಯ ಬೆಳಿಗ್ಗೆ, ಪಿಕಪ್ ಓಡಿಸುವ ಉಮೇಶ ಹೆಂಡತಿ ಕುಸುಮಳನ್ನು ಕರೆದುಕೊಂಡು ಬಂದ. "ಒಸಡಲ್ಲಿ ರಕ್ತ ಬತ್ತೈತೆ ಅಂತಾಳೆ, ಒಂದ್ಸಲ ಕ್ಲೀನ್ ಮಾಡ್ಬುಡಿ" ಅಂದ. ನೋವಿಲ್ಲದೆ, ಬಾವಿಲ್ಲದೆ, ತಾನಾಗಿ ಹೆಂಡತಿಯನ್ನು ಸ್ಕೇಲಿಂಗ್‌ಗೆ ಕರೆತಂದ ಗಂಡಸನ್ನು ನಾನು ನೋಡಿದ್ದು ಅದೇ ಮೊದಲು. ಸ್ಕೇಲಿಂಗ್ ಅಂದರೆ ಹಲ್ಲಿನ ಬುಡದಲ್ಲಿ ಕಟ್ಟಿಕೊಂಡ ಕಿಟ್ಟವನ್ನು ಮೆಶಿನ್ನಿನಿಂದ ಬಿಡಿಸಿ ತೆಗೆಯುವುದು. ಕುಸುಮಳಿಗೆ ಕಿಟ್ಟ ಹೆಚ್ಚಿರಲಿಲ್ಲ. ಆದರೆ ಮೇಲ್ದುಟಿಯ ಒಳಗೆ ಗೆರೆಯಂಥದೊಂದು ಹಳೆಯ ಗಾಯವಿತ್ತು. ಗಟ್ಟಿ ಬ್ರಷ್ ತಗುಲಿರಬೇಕೆಂದುಕೊಂಡು, ಮೆತ್ತನೆಯದು ಬಳಸಮ್ಮ ಎಂದು ಬುದ್ಧಿ ಹೇಳಿ ಕಳಿಸಿದೆ. ಆಮೇಲೆ ಬಂದ ಎಷ್ಟೋ ಗಂಡಸರಿಗೆ, "ಉಮೇಶನ್ನ ನೋಡಿ ಕಲೀರಿ" ಎಂದು ಬೈದದ್ದೂ ಉಂಟು.

ಜುಲೈನಲ್ಲಿ ಇಬ್ಬರೂ ಮತ್ತೆ ಬಂದರು. ಕುಸುಮಳ ಮೇಲಿನ ಮುಂಹಲ್ಲಿನ ಮೂಲೆ ಚಕ್ಕೆ ಎದ್ದಿತ್ತು, ತುಟಿ ಬಾತಿತ್ತು. "ಕಣದಲ್ಲಿ ಒಣಗಾಕಿದ್ದ ಕಾಫಿ ಎಳೀತಾ ಜಾರಿ ಬಿದ್ಬುಟ್ಳು ಕಣ್ರೀ, ಇವ್ಳಿಗೆ ಕಣ್ಣೇ ಕಾಣಾಕಿಲ್ಲ" ಎಂದು ಉಮೇಶ ನಕ್ಕ. ಕುಸುಮಳೂ ನಗಲು ನೋಡಿದಳು. ನಾನು ಅವನು ಹೇಳಿದ್ದನ್ನು ಹಾಗೇ ಕೇಸ್ ಶೀಟಿನಲ್ಲಿ ಬರೆದುಕೊಂಡು ಕೆಲಸಕ್ಕೆ ಕೂತೆ. ಕಾಂಪೋಸಿಟ್ ಅನ್ನುವ ಹಲ್ಲಿನ ಬಣ್ಣದ ಅಂಟನ್ನು ಪದರ ಪದರವಾಗಿ ಹಾಕಿ, ನೀಲಿ ಬೆಳಕಿನಲ್ಲಿ ಗಟ್ಟಿ ಮಾಡಿ, ಕಳೆದುಹೋದ ಮೂಲೆಯನ್ನು ಕಟ್ಟಿಕೊಟ್ಟೆ. ಎಲ್ಲಿ ಹಲ್ಲು ಮುಗಿದು ಎಲ್ಲಿ ಅಂಟು ಶುರುವಾಗುತ್ತದೆಂದು ನನಗೇ ಕಾಣದಷ್ಟು ಚೆನ್ನಾಗಿ ಬಂತು. ಉಮೇಶ ಟಾರ್ಚ್ ಬಿಟ್ಟು ನೋಡಿ, "ಏನೂ ಆಗೇ ಇಲ್ಲ ಅನ್ನಂಗೈತೆ ಮಾರಾಯ್ರೆ!" ಎಂದ. ನಾನು ಹಿಗ್ಗಿದೆ.

ಮರುವರ್ಷ ಫೆಬ್ರವರಿಯಲ್ಲಿ ಪಕ್ಕದ ಹಲ್ಲು ಅರ್ಧಕ್ಕೇ ಮುರಿದು ನರ ಹೊರಗೆ ಕಾಣುತ್ತಿತ್ತು. ಈ ಸಲ ಉಮೇಶ ಹೇಳಿದ್ದು ಕೊಟ್ಟಿಗೆಯ ಮೆಟ್ಟಿಲಿನಲ್ಲಿ ಎಡವಿದಳೆಂದು. ರೂಟ್ ಕೆನಾಲ್ ಮಾಡಿದೆ, ಅಂದರೆ ಹಲ್ಲಿನೊಳಗಿನ ಕೆಟ್ಟ ನರ ತೆಗೆದು, ಬೇರಿನ ನಾಳವನ್ನು ತೊಳೆದು ತುಂಬಿ, ಮೇಲೆ ಕ್ಯಾಪ್ ಕೂರಿಸಿದೆ. ನಾಲ್ಕು ಸಲ ಬರಬೇಕಾಯಿತು. ನಾಲ್ಕೂ ಸಲ ಉಮೇಶ ಕುರ್ಚಿಯ ಪಕ್ಕ ನಿಂತು ಅವಳ ಕೈ ಹಿಡಿದುಕೊಂಡಿದ್ದ. ನಾನು ಏನು ಕೇಳಿದರೂ ಅವನೇ ಉತ್ತರ ಹೇಳುತ್ತಿದ್ದ. ಬಾಯಿ ತುಂಬ ಹತ್ತಿ ಇಟ್ಟುಕೊಂಡವಳು ಮಾತಾಡುವುದಾದರೂ ಹೇಗೆ ಎಂದು ನನಗೆ ಅದು ಸಹಜವಾಗೇ ಕಂಡಿತು.

ಕೊನೆಯ ಸಲ ಅವರು ಹೋದ ಮೇಲೆ ರಜಿಯಾ ಟ್ರೇ ತೊಳೆಯುತ್ತಾ, "ಡಾಕ್ಟ್ರೆ, ಆಯಮ್ಮ ನೀವು ಕೈ ಎತ್ತಿದ್ರೆ ಕಣ್ಣು ಮುಚ್ಕೋತಾರೆ" ಅಂದಳು.

"ಡ್ರಿಲ್ಲಿಗೆ ಹೆದರದೆ ಇರೋರು ಯಾರಿದಾರೆ?" ಎಂದೆ.

"ಡ್ರಿಲ್ ಎತ್ದಾಗ ಅಲ್ಲ. ಲೈಟ್ ಸರಿ ಮಾಡಕ್ಕೆ ಕೈ ಎತ್ದಾಗ."

ಕೆಲಸ ನೋಡು ಎಂದು ಗದರಿದೆ. ಇಷ್ಟು ವರ್ಷ ನನ್ನ ಗದರಿಕೆ ತಿಂದವಳು, ಮತ್ತೆ ಟ್ರೇ ತೊಳೆಯತೊಡಗಿದಳು.

ಜೂನ್‌ನಲ್ಲಿ ಕುಸುಮಳಿಗೆ ದವಡೆ ನೋವು, ತಲೆನೋವು. ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದಾಳೆಂದು ತೀರ್ಮಾನಿಸಿದೆ. ಕಡಿಯುವವರ ಹಿಂದಿನ ಹಲ್ಲುಗಳು ಚಪ್ಪಟೆಯಾಗಿ ಸವೆದಿರುತ್ತವೆ. ಇವಳಿಗೆ ಸವೆದಿರಲಿಲ್ಲ. ಈಗಷ್ಟೇ ಶುರುವಾಗಿರಬೇಕೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ನೈಟ್ ಗಾರ್ಡ್ ಮಾಡಿಸಲು ಅಳತೆ ತೆಗೆದೆ. ಅದು ಮೇಲಿನ ಹಲ್ಲುಗಳಿಗೆ ಟೋಪಿಯ ಹಾಗೆ ಕೂರುವ, ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಕವಚ. ಮಲಗುವಾಗ ಹಾಕಿಕೊಂಡರೆ ಹಲ್ಲಿಗೆ ಹಲ್ಲು ತಾಗುವುದಿಲ್ಲ. ಅವತ್ತು ಉಮೇಶನಿಗೆ ಫೋನ್ ಬಂದು ಎರಡು ನಿಮಿಷ ಹೊರಗೆ ಹೋದ. ಕುಸುಮ ಒಂದೂವರೆ ವರ್ಷದಲ್ಲಿ ಮೊದಲ ಸಲ ತಾನಾಗಿ ಬಾಯಿಬಿಟ್ಟಳು.

"ಅದು ಹಗಲೊತ್ತು ಹಾಕ್ಕೋಬೋದಾ ಡಾಕ್ಟ್ರೆ?"

"ಹಗಲು ಯಾಕಮ್ಮ?"

"ಸುಮ್ನೆ ಕೇಳ್ದೆ. ಮುಂದ್ಗಡೆ ಸ್ವಲ್ಪ ದಪ್ಪ ಮಾಡ್ಸಿ."

ಮುಂದೆ ದಪ್ಪ ಮಾಡಿಸಿದೆ. ಯಾಕೆಂದು ಮತ್ತೆ ಕೇಳಲಿಲ್ಲ. ಈ ಪ್ರಶ್ನೆ ನೆನೆದಾಗಲೆಲ್ಲ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಅಕ್ಟೋಬರ್‌ನ ಒಂದು ಮಧ್ಯಾಹ್ನ ಅವಳು ಗಾರ್ಡ್ ಒಡೆದಿದೆ ಎಂದು ಉಮೇಶನ ಜೊತೆ ಬಂದಳು. ಬಾಯಿಂದ ತೆಗೆದು ಬೆಳಕಿಗೆ ಹಿಡಿದೆ. ಹಲ್ಲು ಕಡಿಯುವವರ ಗಾರ್ಡ್ ಹಿಂಭಾಗದಲ್ಲಿ ಸವೆಯುತ್ತದೆ, ಸೀಳಿದರೂ ಅಲ್ಲೇ ಸೀಳುತ್ತದೆ. ಇದರ ಹಿಂಭಾಗ ಲ್ಯಾಬಿನಿಂದ ಬಂದ ದಿನದ ಹಾಗೇ ನುಣ್ಣಗಿತ್ತು. ಒಡಕು ಇದ್ದದ್ದು ಮುಂದೆ, ಅದೂ ತುಟಿಯ ಕಡೆಯಿಂದ ಒಳಕ್ಕೆ. ಹೊರಗಿನಿಂದ ಏನೋ ಬಂದು ಬಡಿದಿತ್ತು, ಒಂದು ಸಲವಲ್ಲ, ಹಲವು ಸಲ.

ಎಕ್ಸ್‌ರೇ ತೆಗೀಬೇಕು, ಹೊರಗಿರಪ್ಪ, ಎಂದು ಸುಳ್ಳು ಹೇಳಿ ಉಮೇಶನನ್ನು ಕಳಿಸಿ ಬಾಗಿಲು ಹಾಕಿದೆ. ರಜಿಯಾ ಕುಸುಮಳ ಪಕ್ಕ ಬಂದು ನಿಂತಳು.

"ಇದನ್ನ ಯಾವಾಗ ಹಾಕ್ಕೋತೀಯಮ್ಮ?"

"ಸಂಜೆ. ರೋಡಲ್ಲಿ ಪಿಕಪ್ ಸದ್ದು ಕೇಳ್ದಾಗ."

ಆಮೇಲೆ ಅವಳ ಮಾತು ನಿಲ್ಲಲಿಲ್ಲ. "ದವಡೆಗೆ ಬಿದ್ದ ಏಟಿನ ನೋವು ತಡ್ಕೋಬೋದು. ಹಲ್ಲು ಮುರಿದ್ರೆ ನಿಮ್ಮತ್ರ ಕರ್ಕೊಂಬತ್ತಾನೆ. ನೀವು ಏನೂ ಆಗೇ ಇಲ್ಲ ಅನ್ನಂಗೆ ಮಾಡ್ಕೊಡ್ತೀರ. ನಮ್ಮಣ್ಣ ಬಂದು ನೋಡಿದ್ರೂ ಏನೂ ಕಾಣಲ್ಲ. ನೀವು ಇವ್ನನ್ನೇ ಹೊಗಳ್ತೀರ. ಮನೇಲಿ ಅದನ್ನೇ ಹೇಳಿ ಹೊಡಿತಾನೆ, ಡಾಕ್ಟ್ರೇ ಹೇಳವ್ರೆ ನನ್ನಂಥ ಗಂಡ ಇಲ್ಲ ಅಂತ."

ಬಾಗಿಲಿನ ಹಲಗೆ ತೆಳುವಾಗಿತ್ತು. ಉಮೇಶ ಅದಕ್ಕೆ ಕಿವಿ ಕೊಟ್ಟು ನಿಂತಿದ್ದ. ಒದ್ದ ರಭಸಕ್ಕೆ ಚಿಲಕ ಕಿತ್ತು ಬಂತು. ಅವನು ನೇರ ಕುರ್ಚಿಗೆ ಬಂದ. ಹಲ್ಲಿನ ಕುರ್ಚಿಯಲ್ಲಿ ಮಲಗಿದವರಿಗೆ ಥಟ್ಟನೆ ಏಳುವುದಕ್ಕೂ ಆಗುವುದಿಲ್ಲ, ತಿರುಗುವುದಕ್ಕೂ ಆಗುವುದಿಲ್ಲ. ಅವನು ಅವಳ ಜಡೆಯನ್ನು ಮುಷ್ಟಿಗೆ ಸುತ್ತಿ ತಲೆಯನ್ನು ಕುರ್ಚಿಗೆ ಒತ್ತಿ ಹಿಡಿದು ಬಾಯಿಗೇ ಗುದ್ದಿದ. ಒಂದು, ಎರಡು. ಗಾರ್ಡ್ ನನ್ನ ಕೈಯಲ್ಲಿತ್ತು. ಅದನ್ನು ಅವಳ ಬಾಯಿಂದ ತೆಗೆದವನೂ ನಾನೇ.

ನಾನು ಅವನ ಕೈಗೆ ಜೋತುಬಿದ್ದೆ. ಅವನು ಇನ್ನೊಂದು ಕೈಯಿಂದ ಸ್ಟೀಲ್ ಟ್ರೇ ಎತ್ತಿ ನನ್ನ ಮುಖಕ್ಕೆ ಬೀಸಿದ. ಕನ್ನಡಕ ಒಡೆಯಿತು, ಹುಬ್ಬು ಸೀಳಿ ಕಣ್ಣಿಗೆಲ್ಲ ರಕ್ತ ಇಳಿಯಿತು. ಕೆಳಗೆ ಬಿದ್ದವನ ಪಕ್ಕೆಗೆ ಒದ್ದ. ಲೈಟಿನ ತೋಳು ಮುರಿದು ಕುಸುಮಳ ಮೇಲೆ ಬಿತ್ತು. "ಅಣ್ಣಾ ಬನ್ರೋ, ಕೊಲ್ತಾವ್ನೆ!" ಎಂದು ರಜಿಯಾ ಬೀದಿಗೆ ಓಡಿ ಕಿರುಚಿದ್ದು ಕೇಳಿಸಿತು. ಜೀಪ್ ಡ್ರೈವರುಗಳು ಆರೇಳು ಜನ ನುಗ್ಗಿದರು. ಎಲ್ಲ ಅವನ ಜೊತೆ ಕೂತು ಟೀ ಕುಡಿಯುವವರೇ. ಅವರೇ ಅವನನ್ನು ನೆಲಕ್ಕೆ ಕೆಡವಿ, ಅವನದೇ ಪಿಕಪ್ಪಿನ ಹಗ್ಗದಿಂದ ಕಟ್ಟಿದರು.

ಕುಸುಮಳಿಗೆ ಎಚ್ಚರವಿತ್ತು. ಬಾಯಿಂದ ರಕ್ತ ಕತ್ತಿನವರೆಗೆ ಹರಿದಿತ್ತು. ಕ್ಯಾಪ್ ಹಾಕಿದ ಹಲ್ಲು ಬುಡದಲ್ಲೇ ಮುರಿದಿತ್ತು, ಅದರ ಪಕ್ಕದ ಗಟ್ಟಿ ಹಲ್ಲು ಬೇರಿನ ಸಮೇತ ಕಿತ್ತು ಬಂದು ನೆಲದಲ್ಲಿ ಬಿದ್ದಿತ್ತು. ಹೀಗೆ ಕಿತ್ತ ಹಲ್ಲನ್ನು ಅರ್ಧ ಗಂಟೆಯೊಳಗೆ ಗೂಡಿಗೆ ಮತ್ತೆ ಕೂರಿಸಿದರೆ ಉಳಿಯುವ ಸಾಧ್ಯತೆ ಹೆಚ್ಚು. ಬೇರು ಮುಟ್ಟಬಾರದು, ಉಜ್ಜಿ ತೊಳೆಯಬಾರದು, ಒಣಗಲು ಬಿಡಬಾರದು. ಕ್ಲಿನಿಕ್ ಹತ್ತಿರವಿಲ್ಲದಿದ್ದರೆ ಹಾಲಿನಲ್ಲಿ ಹಾಕಿ ತರಬೇಕು. ನಾನು ನೆಲದಲ್ಲಿ ತೆವಳುತ್ತಾ ಅದನ್ನು ಹುಡುಕಿ, ಮೇಲ್ತುದಿ ಹಿಡಿದೆತ್ತಿ ಸಲೈನಿನಲ್ಲಿ ಅದ್ದಿದೆ. ಕೂರಿಸಲು ಕೈ ಮುಂದೆ ಮಾಡಿದಾಗ ರಜಿಯಾ ನನ್ನ ಮಣಿಕಟ್ಟು ಹಿಡಿದಳು.

"ತಾಳಿ ಡಾಕ್ಟ್ರೆ. ಈ ಸಲ ಮೊದ್ಲು ಫೋಟೋ. ನೀವು ಸರಿ ಮಾಡ್ಬುಟ್ರೆ ಇದೂ ಕಾಣಲ್ಲ."

ಅವಳೇ ಮೊಬೈಲಿನಲ್ಲಿ ತೆಗೆದಳು. ತುಟಿ, ಖಾಲಿ ಗೂಡು, ಮುರಿದ ಬುಡ, ನನ್ನ ಅಂಗೈಯ ಹಲ್ಲು, ಒಡೆದ ಗಾರ್ಡ್, ಎಲ್ಲವನ್ನೂ. ಆಮೇಲೆ ನಾನು ಒಂದು ಕಣ್ಣು ಮುಚ್ಚಿಕೊಂಡೇ ಹಲ್ಲನ್ನು ಗೂಡಿಗೆ ಒತ್ತಿ, ಪಕ್ಕದ ಹಲ್ಲುಗಳಿಗೆ ಸಣ್ಣ ತಂತಿ ಅಂಟಿಸಿ ಬಿಗಿದೆ. ಅವಳನ್ನು ಸಕಲೇಶಪುರದ ಆಸ್ಪತ್ರೆಗೆ ಕಳಿಸಿ, ಪೊಲೀಸರಿಗೆ ನಾನೇ ಫೋನ್ ಮಾಡಿದೆ. ಹಲ್ಲು ಮುರಿದರೆ ಅಥವಾ ಸ್ಥಾನ ತಪ್ಪಿದರೆ ಕಾನೂನಿನ ಪ್ರಕಾರ ಅದು ಸಾಧಾರಣ ಗಾಯವಲ್ಲ, ತೀವ್ರ ಗಾಯ. ಕಾಲೇಜಿನಲ್ಲಿ ಓದಿ ಪಾಸಾದ ಈ ಸಾಲು ನನಗೆ ಕೆಲಸದಲ್ಲಿ ನೆನಪಾದದ್ದು ಅವತ್ತೇ.

ಸುಮಾರು ಎರಡು ವರ್ಷದ ಮೇಲೆ ಕೋರ್ಟಿನಲ್ಲಿ ನನ್ನ ಸಾಕ್ಷಿ. ಕ್ಲಿನಿಕ್ಕಿನಲ್ಲಿ ಸಿಟ್ಟಿನ ಭರದಲ್ಲಿ ಕೈ ತಾಗಿದ್ದು ನಿಜ, ಆದರೆ ಅವಳು ಮೊದಲೇ ಬಿದ್ದೂ ಎದ್ದೂ ಹಲ್ಲು ಹಾಳಾಗಿತ್ತು, ಹೆಂಡತಿಗೆ ಹಿಂದೆಂದೂ ಹೊಡೆದಿಲ್ಲ, ಇದು ಉಮೇಶನ ವಾದ. ಅದು ಗೆದ್ದರೆ ಅವನು ಸಣ್ಣ ಶಿಕ್ಷೆಗೆ ತಪ್ಪಿಸಿಕೊಂಡು ಬಂದು ಮತ್ತೆ ಅವಳ ಬಾಗಿಲಿಗೇ ನಿಲ್ಲುತ್ತಿದ್ದ. ಆಲೂರಿನಲ್ಲಿ ತಂಗಿಯ ಮನೆ ಸೇರಿದ್ದ ಕುಸುಮ ಹಿಂದಿನ ಬೆಂಚಿನಲ್ಲಿ ಸೆರಗು ಹಿಡಿದು ಕೂತಿದ್ದಳು. ಅವನ ವಕೀಲರು ನನ್ನ ಕೇಸ್ ಶೀಟನ್ನೇ ನನ್ನ ಮುಂದಿಟ್ಟರು.

"ಇದು ನಿಮ್ಮ ಅಕ್ಷರ ತಾನೇ? ಓದಿ."

ಓದಿದೆ. "ಕಣದಲ್ಲಿ ಕಾಫಿ ಎಳೆಯುವಾಗ ಜಾರಿ ಬಿದ್ದು ಮುಂಹಲ್ಲಿಗೆ ಪೆಟ್ಟು."

"ಅಂದರೆ ಬಿದ್ದದ್ದು. ಹೊಡೆದದ್ದಲ್ಲ. ತಜ್ಞರಾದ ನೀವೇ ಬರೆದಿದ್ದೀರಿ."

ನನ್ನ ಅಕ್ಷರ ನನ್ನನ್ನೇ ನೋಡಿ ಹಲ್ಲು ಕಿಸಿಯುತ್ತಿತ್ತು. ಹಾಳೆ ವಾಪಸ್ ಕೊಡುವ ಮೊದಲು ಮೇಲಿನ ತಾರೀಖಿನ ಕಡೆ ಕಣ್ಣು ಹೋಯಿತು.

"ಸ್ವಾಮಿ, ಇದು ಜುಲೈ" ಎಂದೆ. "ನಮ್ಮಲ್ಲಿ ಕಾಫಿ ಕೊಯ್ಲು ನವೆಂಬರಿಂದ ಮಾರ್ಚ್. ಜುಲೈ ಮಳೆಯಲ್ಲಿ ಯಾವ ಎಸ್ಟೇಟಿನ ಕಣದಲ್ಲೂ ಒಂದು ಕಾಳು ಕಾಫಿ ಇರುವುದಿಲ್ಲ, ಪಾಚಿ ಕಟ್ಟಿ ಬಿದ್ದಿರುತ್ತದೆ. ಎಳೆಯುವುದಕ್ಕೆ ಏನಿರುತ್ತದೆ? ಇದು ಅವಳ ಮಾತಲ್ಲ. ಅವಳ ಗಂಡ ಹೇಳಿದ, ನಾನು ಬರೆದೆ. ಅವಳನ್ನು ನಾನು ಕೇಳಲೇ ಇಲ್ಲ."

ನ್ಯಾಯಾಧೀಶೆ ಪೆನ್ನು ಕೆಳಗಿಟ್ಟರು. "ನೀವೂ ಅದೇ ಊರಿನವರು ಡಾಕ್ಟರೇ. ಆವತ್ತೇ ನಿಮಗೆ ಹೊಳೆಯಲಿಲ್ಲವೇ?"

"ಇಲ್ಲಮ್ಮ" ಎಂದೆ. "ನಾನು ಹಲ್ಲು ನೋಡ್ತಿದ್ದೆ."

ತುಂಬಿದ ಕೋರ್ಟಿನಲ್ಲಿ ನಾಚಿಕೆಯಿಂದ ಅತ್ತದ್ದನ್ನು ಮುಚ್ಚಿಡುವುದಿಲ್ಲ. ಆಮೇಲೆ ಒಡೆದ ಗಾರ್ಡನ್ನು ಕೈಯಲ್ಲಿ ಹಿಡಿದು, ಹಿಂದೆ ಯಾಕೆ ಸವೆದಿಲ್ಲ, ಮುಂದೆ ಯಾಕೆ ಒಡೆದಿದೆ ಎಂದು ಒಂದೊಂದೇ ತೋರಿಸಿದೆ. ಉಮೇಶನಿಗೆ ಜೈಲಾಯಿತು.

ಈಗ ನನ್ನ ಕ್ಲಿನಿಕ್ಕಿನಲ್ಲಿ ಯಾರೇ ಬರಲಿ, ಜೊತೆಗೆ ಬಂದವರು ಐದು ನಿಮಿಷ ಹೊರಗೆ ಕೂರಲೇಬೇಕು. ಗಂಡನಾಗಲಿ, ಅತ್ತೆಯಾಗಲಿ, ಆಳುಗಳ ಲೆಕ್ಕ ನೋಡುವ ಎಸ್ಟೇಟಿನ ರೈಟರಾಗಲಿ, ಜಗಳ ತೆಗೆದರೆ ನನ್ನ ಸಿಟ್ಟು ಇದ್ದೇ ಇದೆ. ಏನಾಯಿತು ಎಂದು ಕೇಳುವವಳು ರಜಿಯಾ. ಯಾರ ಬಾಯಿಂದ ಬಂದ ಮಾತೆಂಬುದನ್ನೂ ಶೀಟಿನಲ್ಲಿ ಬರೆಯುತ್ತೇವೆ. ಹಲ್ಲಿಗೆ ಕೈ ಹಾಕುವುದು ಆಮೇಲೆ.

ಹೋದ ತಿಂಗಳು ಕುಸುಮ ಆಲೂರಿನಿಂದ ಬಸ್ಸಿನಲ್ಲಿ ಒಬ್ಬಳೇ ಬಂದಿದ್ದಳು. ಮತ್ತೆ ಕೂರಿಸಿದ ಹಲ್ಲು ಗಟ್ಟಿಯಾಗಿ ನಿಂತಿದೆ. ಲೈಟ್ ಸರಿಪಡಿಸಲು ಕೈ ಎತ್ತಿದೆ, ಅವಳು ಕಣ್ಣು ಮುಚ್ಚಲಿಲ್ಲ. ಹಿಂದಿನ ಹಲ್ಲು ನೋಡಿದರೆ ಅಲ್ಲಲ್ಲಿ ಸಣ್ಣಗೆ ಸವೆದಿತ್ತು.

"ನಂಗೊಂದು ಗಾರ್ಡ್ ಮಾಡ್ಕೊಡಿ ಡಾಕ್ಟ್ರೆ" ಎಂದಳು.

ನನ್ನ ಕೈ ನಿಂತೇಹೋಯಿತು. ರಜಿಯಾ ಕೂಡ ಟ್ರೇ ಹಿಡಿದು ನಿಂತಳು. ಕುಸುಮ ನಮ್ಮಿಬ್ಬರ ಮುಖ ನೋಡಿ ಜೋರಾಗಿ ನಕ್ಕುಬಿಟ್ಟಳು.

"ಅಯ್ಯೋ, ಅದಕ್ಕಲ್ಲ! ನಿದ್ದೇಲಿ ಕಟಕಟ ಅಂತ ಹಲ್ಲು ಕಡೀತೀನಂತೆ, ತಂಗಿ ಬೈತಾಳೆ. ನಂಗೆ ಗೊತ್ತೇ ಆಗಲ್ಲ. ಮಲಗಿದ್ರೆ ಬೆಳಗಾದ್ಮೇಲೇ ಎಚ್ಚರ."

ಅಳತೆ ತೆಗೆದುಕೊಂಡೆ. ಲ್ಯಾಬಿನ ಚೀಟಿಯಲ್ಲಿ ಮುಂಭಾಗ ದಪ್ಪ ಬೇಡ, ತೆಳುವಾಗಿರಲಿ ಎಂದು ಬರೆದೆ.