ತೋಪಿನೊಳಗಿನ ಮಗು

ನ್ಯೂಜೆರ್ಸಿಯ ಕಡಲತೀರದ ಹಳೆಯ ಕೋಟೆಯೊಂದರಲ್ಲಿ ಅಮೆರಿಕದ ಅಂತರ್ಯುದ್ಧದ ಕಾಲದ ಭಾರೀ ತೋಪೊಂದನ್ನು ಪ್ರದರ್ಶನಕ್ಕೆ ಇಟ್ಟಿದ್ದಾರೆ. ಕರಗಿದ ಕಬ್ಬಿಣವನ್ನು ಟೊಳ್ಳಾಗಿ ಎರಕ ಹೊಯ್ದು, ಒಳಗಿನಿಂದ ತಣ್ಣೀರು ಹರಿಸಿ ಆರಿಸುತ್ತಿದ್ದರಂತೆ. ಹಾಗೆ ಮಾಡಿದ ತೋಪು ಸುಲಭಕ್ಕೆ ಸಿಡಿಯುತ್ತಿರಲಿಲ್ಲ. ಪತ್ರಿಕೆಯ ಕೆಲಸ ಬಿಟ್ಟು ವರ್ಷಗಳಾದರೂ ಇಂಥ ಕಡೆ ಹಾಕಿದ ಫಲಕವನ್ನು ಕೊನೆಯ ಸಾಲಿನವರೆಗೆ ಓದುವ ಅಭ್ಯಾಸ ನನಗೆ ಉಳಿದಿದೆ. ಓದುತ್ತಿದ್ದಾಗಲೇ ಅದು ನಡೆಯಿತು.

ಯುಗಾದಿ ಕಳೆದ ಭಾನುವಾರ. ಜೊತೆಗಿದ್ದವರು ಹಿಲ್ಸ್‌ಬರೋ ಊರಿನಲ್ಲಿರುವ ಸ್ನೇಹಿತ, ಅವನ ಹೆಂಡತಿ, ರೇಷ್ಮೆ ಲಂಗ ತೊಟ್ಟ ಐದು ವರ್ಷದ ಮಗಳು. ತುಕ್ಕು ಕೆರೆಯುವ ಕೆಲಸಕ್ಕೆಂದು ತೋಪಿನ ಬಾಯಿಯ ಮುಚ್ಚಳ ತೆಗೆದಿದ್ದರು.

"ನಮ್ಮ ವಿಜಯಪುರದ ಮಲಿಕ್-ಎ-ಮೈದಾನ್ ತೋಪಿನ ಬಾಯಾಗ ಕೂತು ನಾ ಫೋಟೋ ತಗಸ್ಕೊಂಡೀನಿ. ಇದು ಅದರ ಮುಂದ ಮರಿ," ಎನ್ನುತ್ತ ಸ್ನೇಹಿತ ಮಗಳನ್ನು ಎತ್ತಿ ಒಳಗೆ ಬಿಟ್ಟ.

"ಲಂಗ ಕೊಳೆ ಆಗತ್ತೆ ರೀ," ಎಂದಳು ಹೆಂಡತಿ. ಅವಳು ಮೈಸೂರಿನವಳು.

ಈ ತೋಪಿನ ಬಾಯಿ ಕಿರಿದು, ಕೊಳವೆ ಉದ್ದ. ಬಾಯನ್ನು ಮೇಲಕ್ಕೆತ್ತಿ ನಿಲ್ಲಿಸಿದ್ದರಿಂದ ಒಳಗೆಲ್ಲ ಇಳಿಜಾರು. ಮಗು ತಲೆ ಮುಂದಾಗಿ ತೆವಳಿತು, ಆಮೇಲೆ ಜಾರಿತು.

"ಅಪ್ಪಾ, ಐ ಕಾಂಟ್ ಮೂವ್."

ಅವನು ತೋಳು ತೂರಿಸಿದ, ಕಾಲು ಸಿಗಲಿಲ್ಲ. ಭುಜ ಕಬ್ಬಿಣಕ್ಕೆ ಸಿಕ್ಕಿಕೊಂಡಿತು. ಅಗ್ನಿಶಾಮಕದವರು ಬರುವ ಹೊತ್ತಿಗೆ ಒಳಗಿನ ಅಳು ಕೆಮ್ಮಾಗಿತ್ತು. ಕೋಲಿನ ತುದಿಯ ಕುಣಿಕೆಯನ್ನು ಪಾದಕ್ಕೆ ಹಾಕಿ ಎಳೆದರು. ಲಂಗ ಸೊಂಟದ ಸುತ್ತ ಮುದ್ದೆಯಾಗಿ ಬಿರಡೆಯಂತೆ ಬಿಗಿಯಿತು. ಮಗು ಚೀರಿತು. ನಿಲ್ಲಿಸಿದರು. ಆಮೇಲೆ ಕೆಮ್ಮೂ ಕೇಳಲಿಲ್ಲ.

ತಾಯಿ ಅವರನ್ನು ತಳ್ಳಿಕೊಂಡು ಮುಂದೆ ಬಂದಳು. ಕಾಲು ಬಿಡಿ, ಲಂಗದ ಅಂಚಿಗೆ ಕೊಕ್ಕೆ ಹಾಕಿ ಎಳೆಯಿರಿ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಬಟ್ಟೆ ಕಳಚಿ ಬರುತ್ತದಲ್ಲ ಎಂದರು ಅವರು. ನಮ್ಮಲ್ಲಿ ಚಿಕ್ಕ ಮಕ್ಕಳ ಲಂಗ ಜಾರದಿರಲೆಂದು ಅದಕ್ಕೆ ತೋಳಿಲ್ಲದ ಬಾಡಿಯೊಂದನ್ನು ಸೇರಿಸಿ ಹೊಲಿಸುತ್ತಾರೆ, ಅದು ಹೆಗಲ ಮೇಲೆ ನಿಲ್ಲುತ್ತದೆ. ಅದನ್ನು ವಿವರಿಸಲು ಅವಳಿಗೆ ಇಂಗ್ಲಿಷ್ ಪದ ಸಿಗಲಿಲ್ಲ. ತನ್ನ ಎರಡೂ ಹೆಗಲು ಬಡಿದು ತೋರಿಸಿದಳು.

ಎಳೆದರು. ಒಂದು ಕಡೆಯ ಹೊಲಿಗೆ ಬಿಟ್ಟ ಸದ್ದು ಕೊಳವೆಯಿಂದ ದೊಡ್ಡದಾಗಿ ಕೇಳಿಸಿತು. ಇನ್ನೊಂದು ಕಡೆಯದು ತಡೆದುಕೊಂಡಿತು. ಮೊದಲು ಪಾದ, ಆಮೇಲೆ ತುಕ್ಕಿನ ಕೆಂಪು ಬಳಿದುಕೊಂಡ ಬೆನ್ನು, ಕೊನೆಗೆ ಒಂದು ಕಡೆಗೆ ವಾಲಿದ ತಲೆ. ತಂದೆ ಕೈ ಚಾಚಿದ.

"ಮುಟ್ಬೇಡಿ," ಎಂದಳು.

ಆಂಬ್ಯುಲೆನ್ಸ್ ತಾಯಿ ಮಗಳಿಬ್ಬರನ್ನೂ ಹತ್ತಿಸಿಕೊಂಡು ಹೋಯಿತು. ಸ್ನೇಹಿತ ನನ್ನ ಕಾರಿನಲ್ಲಿ ಕುಳಿತ.

"ಉಸಿರಾಡಾಕತ್ತಿದ್ಲಲ್ಲಪಾ? ನೀ ನೋಡಿದಿ ಹೌದಲ್ಲ?"

ಎದೆ ಏರಿಳಿದದ್ದನ್ನು ನಾನು ನೋಡಿದ್ದೆ. ಹೌದು ಎಂದೆ. ಅವನು ಸೀಟ್ ಬೆಲ್ಟ್ ಹಾಕಿಕೊಳ್ಳುತ್ತ ಮತ್ತೆ ಅದನ್ನೇ ಕೇಳಿದ.