ಬೇಗಂಪೇಟೆಯಲ್ಲಿ ಅಪ್ಪನ ಹಣೆ

ಆ ಬೋರ್ಡನ್ನು ಮೊದಲು ನೋಡಿದ್ದು ನಾನೋ ಅವ್ವನೋ ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಗಚ್ಚಿಬೌಲಿಯಿಂದ ಬರುವಾಗ ಕಂಪನಿ ಕ್ಯಾಬಿನ ಕಿಟಕಿಯಿಂದ ನಾನೇ ಕಂಡೆ ಎಂದು ನನಗೆ ಖಾತ್ರಿ. ಸೊಪ್ಪು ತರಲು ಹೋದವಳು ತಾನು, ನನಗೆ ಹೇಳಿದವಳೂ ತಾನೇ ಎಂದು ಅವ್ವನಿಗೆ ಖಾತ್ರಿ. ನನ್ನ ಡೈರಿ ಯಾರ ಪರವೂ ಇಲ್ಲ. ಅದರಲ್ಲಿರುವುದು ಇಷ್ಟೇ: "ಅಪ್ಪ ಬೋರ್ಡಿನ ಮೇಲೆ. ನಗಬಾರದು."

ಹೈದರಾಬಾದಿನಲ್ಲಿ ಆಗ ಸಾಫ್ಟ್‌ವೇರ್ ಕೆಲಸಕ್ಕೆ ಬಂದ ಹುಡುಗರು ಹೆಚ್ಚಿದಂತೆ ಅವರ ತಲೆಯಿಂದ ಉದುರುವ ಕೂದಲೂ ಹೆಚ್ಚಿ, ಕೂದಲು ಬೆಳೆಸಿಕೊಡುವ ಕ್ಲಿನಿಕ್ಕುಗಳು ಅಲ್ಲಲ್ಲಿ ಎದ್ದಿದ್ದವು. ಬೇಗಂಪೇಟೆ ರೈಲು ನಿಲ್ದಾಣದ ಹತ್ತಿರ ಅಂಥದ್ದೊಂದರ ದೊಡ್ಡ ಬೋರ್ಡು. ಅದರಲ್ಲಿ ಎರಡು ಮುಖ. ಒಂದರ ಕೆಳಗೆ "ಬಿಫೋರ್", ಇನ್ನೊಂದರ ಕೆಳಗೆ "ಆಫ್ಟರ್". ಬಿಫೋರ್ ಎಂದರೆ ನಮ್ಮಪ್ಪ. ಆಫ್ಟರ್ ಎಂದರೆ ಕಪ್ಪು ಕೂದಲಿನ, ನುಣುಪು ಹಣೆಯ ಯಾವನೋ ಒಬ್ಬ.

ಅಪ್ಪ ರಾಜ್ಯ ಸರಕಾರದಲ್ಲಿ ಆಡಿಟ್ ಮಾಡಿ ನಿವೃತ್ತರಾದವರು. ಪಿಂಚಣಿ ಕಾಗದಕ್ಕೆಂದು ಹತ್ತಿರದ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಸಿದ್ದರು. ಅದು ಸ್ಟುಡಿಯೋದ ಕಂಪ್ಯೂಟರಿನಿಂದ ಜಾಹೀರಾತಿನವರ ಕಂಪ್ಯೂಟರಿಗೆ ಹೋಗಿತ್ತು. ಹೋಗುವಾಗ ಯಾರೂ ಅಪ್ಪನನ್ನು ಕೇಳಿರಲಿಲ್ಲ.

ದಿನಾ ಸಂಜೆ ಅಪ್ಪ ನಿಲ್ದಾಣದ ಬಳಿಯ ಇರಾನಿ ಹೋಟೆಲಿನಲ್ಲಿ ಪಿಂಚಣಿ ಗೆಳೆಯರೊಡನೆ ಚಹಾ ಕುಡಿಯುತ್ತಿದ್ದರು. ಬೋರ್ಡು ಬಂದ ಮೇಲೆ ಅಲ್ಲಿ ಒಂದೇ ಪ್ರಶ್ನೆ.

"ಏನ್ ಸಾಹೇಬ್ರ, ಆಫ್ಟರ್ ಯಾವಾಗ?"

ಮರುದಿನ ಅಪ್ಪ ಮಂಕಿ ಟೋಪಿ ಹಾಕಿಕೊಂಡು ಹೊರಟರು. ಮೇ ತಿಂಗಳು. ಬೆವರು ಗಲ್ಲದ ಕೆಳಗೆ ತೊಟ್ಟಿಕ್ಕುತ್ತಿತ್ತು. ಟೋಪಿಯಿಂದಾಗಿ ಇನ್ನಷ್ಟು ಜನ ತಿರುಗಿ ನೋಡಿದರು. ನಾಲ್ಕಾರು ದಿನದಲ್ಲಿ ಚಹಾಕ್ಕೆ ಹೋಗುವುದನ್ನೇ ಬಿಟ್ಟರು. ಮನೆಯಲ್ಲಿ ಕೂತು ಅವ್ವನ ಅಡುಗೆಯನ್ನು ಆಡಿಟ್ ಮಾಡತೊಡಗಿದರು. ಅಪ್ಪ ಮತ್ತೆ ಬರಿತಲೆಯಲ್ಲಿ ಇರಾನಿ ಹೋಟೆಲಿಗೆ ಹೋಗುವಂತಾಗುವುದು ಅಪ್ಪನಿಗಿಂತ ಅವ್ವನಿಗೇ ಹೆಚ್ಚು ಜರೂರಾಯಿತು. ವಕೀಲನಾಗಿದ್ದ ತನ್ನ ತಮ್ಮನನ್ನು ಕರೆಸಿದಳು.

"ಭಾವಾರ, ನಿಮ್ಮ ಮಾರಿ ನಿಮ್ಮದು," ಎಂದರು ಮಾವ. "ನಿಮ್ಮನ್ನ ಕೇಳದ ಅದನ್ನ ಧಂದಾಕ್ಕ ಹಚ್ಚೂ ಹಂಗಿಲ್ಲ. ಇದು ಒಂದ ಕಲಮಿನಾಗ ಬರದಿಟ್ಟಿಲ್ಲ ಖರೆ, ಅಲ್ಲಿ ಇಲ್ಲಿ ತೀರ್ಪು ಹಿಡದು ಜೋಡಸಬೇಕು. ಆದ್ರ ಗಟ್ಟಿ ಐತಿ. ನೀವು ಒಪ್ಪಿಗಿ ಕೊಟ್ಟಿಲ್ಲ, ಹೌದಲ್ಲ?"

"ಬೋಳ ತಲಿ ತೋರಸಾಕ ಯಾರರ ಒಪ್ಪಿಗಿ ಕೊಡ್ತಾರೇನು?"

"ಅಷ್ಟ ಸಾಕು. ಅಲ್ಲಿ ನಾ ಮಾತಾಡ್ತೀನಿ. ನೀವು ಬಾಯಿ ಬಿಡಬ್ಯಾಡ್ರಿ."

"ಇವರ ಬಾಯಿ ಮುಚ್ಚಸೂದು ಹೈಕೋರ್ಟಿಗೂ ಆಗೂದಿಲ್ಲ ತಮ್ಮಾ," ಎಂದಳು ಅವ್ವ.

ಕ್ಲಿನಿಕ್ಕಿಗೆ ಅಪ್ಪ, ಮಾವ, ನಾನು ಹೋದೆವು. ಮ್ಯಾನೇಜರು ಬೋರ್ಡಿನ ಚಿಕ್ಕ ಪ್ರತಿಯೊಂದನ್ನು ಮೇಜಿನ ಮೇಲೆ ಹರಡಿ, ಇದು ನಿಮ್ಮವರಲ್ಲವೇ ಅಲ್ಲ, ಕಂಪ್ಯೂಟರು ಮಾಡಿದ ಮುಖ ಎಂದ. ಬೇಕಾದರೆ ನೋಡಿ, ಈತನ ಹಣೆಯ ಮೇಲೆ ಮೂರು ಆಳವಾದ ಸುಕ್ಕುಗಳಿವೆ, ಸಾಹೇಬರಿಗೆ ಎಲ್ಲಿವೆ?

ಅಪ್ಪ ಮಂಕಿ ಟೋಪಿ ತೆಗೆದರು.

ಸ್ನಾನ ಮಾಡಿದೊಡನೆ ಮೂರು ಬೆರಳಿನಿಂದ ವಿಭೂತಿ ಎಳೆದುಕೊಳ್ಳುವುದು ಅಪ್ಪನ ರೂಢಿಯಾಗಿತ್ತು. ನಡುವಿನ ಗೆರೆ ಬಲಗಡೆ ಒಂದು ಮಚ್ಚೆಯ ಬಳಿ ತುಂಡಾಗುತ್ತಿತ್ತು. ಬೋರ್ಡಿನವನ ನಡುವಿನ ಸುಕ್ಕೂ ಬಲಗಡೆ ಅಲ್ಲೇ ತುಂಡಾಗಿತ್ತು. ಚಿತ್ರ ತಿದ್ದಿದವನು ವಿಭೂತಿಯನ್ನು ಮುಪ್ಪು ಎಂದು ತಿಳಿದು, ಒಳ್ಳೆಯ ಮನಸ್ಸಿನಿಂದಲೇ ಆ ಬಿಳಿ ಗೆರೆಗಳನ್ನು ಕಪ್ಪು ಮಾಡಿದ್ದ.

ಮ್ಯಾನೇಜರು ಪ್ರತಿಯನ್ನು ಸುತ್ತಿಡಲು ಹೊರಟ. ಆಗ ನನ್ನ ಕಣ್ಣು ಆಫ್ಟರಿನ ಕಿವಿಗಳ ಮೇಲೆ ಬಿತ್ತು. ಹಾಗೆ ಹೊರಗೆ ಚಾಚಿದ ಕಿವಿಗಳು ಹೈದರಾಬಾದಿನಲ್ಲಿ ಇಬ್ಬರಿಗೇ ಇದ್ದವು, ಎರಡನೆಯವಳು ನಾನು.

"ಅಪ್ಪಾ, ಇದೂ ನೀವ," ಎಂದೆ.

ಮಾವನ ಮುಖ ಅರಳಿತು. ಒಂದು ಮುಖದ ಕೇಸಿಗೆ ಎರಡು ಮುಖ ಸಿಕ್ಕಿದ್ದವು. ಆದರೆ ಅಪ್ಪ ಆಫ್ಟರನ್ನೇ ನೋಡುತ್ತ ಕೂತುಬಿಟ್ಟರು. ಆಮೇಲೆ ಆಡಿಟಿನ ದನಿಯಲ್ಲಿ ಮಾತಾಡಿದರು. ಮ್ಯಾನೇಜರಿಗೆ ತಿಳಿಯಲೆಂದು ಹಿಂದಿಯಲ್ಲೇ ಹೇಳಿರಬೇಕು, ನನಗೆ ಮಾತ್ರ ಅದು ಕನ್ನಡದಲ್ಲೇ ನೆನಪಿದೆ.

"ತಲಿಗೆ ಕೂದ್ಲ ಹಚ್ಚಿ ಹಣಿ ಬೋಳ ಮಾಡೀರಿ. ಇದಕ್ಕ ಇಭೂತಿ ಎಲ್ಲೈತಿ? ಅಲ್ಲಿ ಇದ್ದದ್ದನ್ನ ಸುಕ್ಕು ಮಾಡೀರಿ, ಇಲ್ಲಿ ಅಳಿಸೇ ಬಿಟ್ಟೀರಿ. ಎರಡೂ ತಪ್ಪು. ಸರಿಪಡಿಸ್ರಿ."

"ಓಕೆ ಸರ್," ಎಂದ ಮ್ಯಾನೇಜರು, ಒಂದು ಕ್ಷಣವೂ ತಡಮಾಡದೆ.

ಮಾವ ಹಣೆಗೆ ಕೈ ಹಚ್ಚಿಕೊಂಡರು. "ಭಾವಾರ, ಸರಿಪಡಿಸ್ರಿ ಅಂದ್ರ ಇರಲಿ ಅಂದಂಗ. ಒಪ್ಪಿಗಿ ಕೊಟ್ಟುಬಿಟ್ರಲ್ಲ."

"ತಪ್ಪು ಕಂಡ ಮ್ಯಾಲೆ ಬಿಡಾಕ ಬರ್ತೈತೇನು?" ಎಂದರು ಅಪ್ಪ.

ಹೊಸ ಬೋರ್ಡು ಬಂತು. ಅಪ್ಪ ಹೇಳಿದ್ದನ್ನು ಅವರು ಅರ್ಥಮಾಡಿಕೊಂಡಷ್ಟು ಮಾಡಿದ್ದರು. ಬಿಫೋರಿನ ಸುಕ್ಕುಗಳನ್ನು ಪೂರ್ತಿ ಒರೆಸಿದ್ದರು. ಆಫ್ಟರಿನ ಹಣೆಗೆ ಸುಣ್ಣ ಬಳಿದ ಹಾಗೆ ಮೂರು ಗೆರೆ ಎಳೆದಿದ್ದರು. ಎಡಗಡೆ ವಿಭೂತಿ ಇಲ್ಲ, ಕೂದಲಿಲ್ಲ. ಬಲಗಡೆ ವಿಭೂತಿ ಇದೆ, ಕೂದಲಿದೆ. ಇದನ್ನು ಓದಲು ಯಾರಿಗೂ ಇಂಗ್ಲಿಷ್ ಬೇಕಾಗಿರಲಿಲ್ಲ.

ಮೊದಲು ಕೇಳಿದವರು ಪಕ್ಕದ ಕಟ್ಟಡದಲ್ಲಿ ಗಾರೆ ಕೆಲಸಕ್ಕೆ ಬಂದಿದ್ದ ಯಾದಗಿರಿ ಕಡೆಯವರು: "ಯಪ್ಪಾ, ಯಾವ ಮಠದ ಇಭೂತಿರಿ ಅದು?" ಆಮೇಲೆ ಬಸ್ಸಿನಲ್ಲಿ ಕೇಳಿದರು, ಬ್ಯಾಂಕಿನಲ್ಲಿ ಕೇಳಿದರು. ನನ್ನ ಆಫೀಸಿನ ಹುಡುಗನೊಬ್ಬ ಬಹಳ ನಾಚಿಕೊಂಡು ಒಂದು ವಿಭೂತಿ ಉಂಡೆ ತಂದುಕೊಡಲು ಹೇಳಿದ. ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲೂ ಜನ ಚಿಕಿತ್ಸೆ ಬಿಟ್ಟು ವಿಭೂತಿ ಕೇಳತೊಡಗಿದರಂತೆ. ಬೋರ್ಡು ತಾನಾಗಿಯೇ ಇಳಿಯಿತು. ಮಾವ ಕಳಿಸಿದ ನೋಟಿಸಿಗೆ ಹೆದರಿ ಇಳಿಸಿದರು ಎಂದು ಮಾವ ಇಂದಿಗೂ ಹೇಳುತ್ತಾರೆ. ಅವರು ನೋಟಿಸು ಕಳಿಸಿದ್ದು ನನಗಂತೂ ನೆನಪಿಲ್ಲ.

ಅಪ್ಪ ಬರಿತಲೆಯಲ್ಲಿ ಇರಾನಿ ಹೋಟೆಲಿಗೆ ಹೋದರು. ಗೆಳೆಯರು ಈಗ "ಆಫ್ಟರ್ ಯಾವಾಗ" ಎಂದು ಕೇಳಲಿಲ್ಲ, ತಮಗೂ ಸ್ವಲ್ಪ ತಂದುಕೊಡಿ ಎಂದರು.

ಒಂದೇ ಒಂದು ವಿಷಯದಲ್ಲಿ ನನಗೆ ಅನುಮಾನ. ಆ ಬೇಸಿಗೆಯ ನಂತರ ಅಪ್ಪನ ವಿಭೂತಿ ಗೆರೆಗಳು ಸ್ವಲ್ಪ ಮೇಲಕ್ಕೆ ಸರಿದವು ಎಂದು ನನ್ನ ನೆನಪು. ವರ್ಷ ಕಳೆಯುವುದರೊಳಗೆ ಮೇಲಿನ ಗೆರೆ ನೆತ್ತಿಗೆ ಸಮೀಪ ಬಂದಿತ್ತು. ಮೊನ್ನೆ ಅವ್ವನನ್ನು ಕೇಳಿದೆ.

"ಹುಚ್ಚಿ, ಹಣಿ ಮ್ಯಾಲೇ ಹಚ್ಚತಿದ್ರು," ಎಂದಳು.

"ಅವ್ವಾ, ಅವರ ಹಣಿ ಎಲ್ಲಿಗೆ ಮುಗೀತಿತ್ತು?"

ಅವ್ವ ತನ್ನ ಹಣೆಯಿಂದ ನೆತ್ತಿಯವರೆಗೆ ಬೆರಳಾಡಿಸಿ ನೋಡಿದಳು.

"ಅದು ನನಗೂ ಗೊತ್ತಾಗಿಲ್ಲ ನೋಡವಾ," ಎಂದಳು.