ಮಾಮನ ಹುಳಿರೊಟ್ಟಿ

ನಮ್ಮ ಗುರುಲಿಂಗ ಮಾಮನ ಎದುರು ರೊಟ್ಟಿಯ ಮಾತು ತೆಗೆಯಬಾರದು. ತೆಗೆದಿರೋ, ಅವತ್ತಿನ ಕೆಲಸ ಕೆಟ್ಟಿತು ಅಂತಲೇ ತಿಳಿಯಿರಿ. ಕೂತಲ್ಲಿಂದಲೇ ನಿಮ್ಮನ್ನು ಇಥಿಯೋಪಿಯಾಕ್ಕೆ ಕರೆದೊಯ್ದು, ಹರಾರ್ ಹತ್ತಿರದ ಸಣ್ಣ ಊರೊಂದರ ಅಡುಗೆಮನೆಯಲ್ಲಿ ಕೂರಿಸಿಬಿಡುತ್ತಾರೆ.

ಮಾಮ ಅಂದರೆ ನಮ್ಮ ಅಕ್ಕ ಮೀರಾಬಾಯಿಯ ಗಂಡ, ಹುಮನಾಬಾದ್ ಹತ್ತಿರದ ಹುಡಗಿ ಎಂಬ ಊರಿನವರು. ಇಂಗ್ಲಿಷ್ ಎಂ.ಎ. ಮಾಡಿ ಹುಮನಾಬಾದಿನ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಆ ದೇಶದಲ್ಲಿ ಇಂಗ್ಲಿಷ್ ಮಾಸ್ತರರು ಬೇಕಂತೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಹೊರಟೇಬಿಟ್ಟರು. ಅತ್ತೆಯನ್ನು ನೋಡಿಕೊಂಡು ಅಕ್ಕ ಇಲ್ಲೇ ಉಳಿದಳು. ಒಂಬತ್ತು ವರ್ಷ ಹಾಗೇ ಹೋಯಿತು. ಮರಳಿ ಬಂದ ಮಾಮ ಈಗ ಬಸವಕಲ್ಯಾಣದ ಬಸ್ ನಿಲ್ದಾಣದ ಹತ್ತಿರ ಕೋಣೆಯೊಂದನ್ನು ಹಿಡಿದು ಇಂಗ್ಲಿಷ್ ಕ್ಲಾಸ್ ನಡೆಸುತ್ತಾರೆ. ಪಾಠ ಇಲ್ಲಿ, ಮನಸ್ಸು ಅಲ್ಲಿ.

"ಅದಕ್ಕ ಇಂಜೇರಾ ಅಂತಾರ," ಎಂದು ಶುರು ಮಾಡುತ್ತಾರೆ. "ನಾ ಇದ್ದ ಊರಾಗ ಅದೂ ಜ್ವಾಳದ ಹಿಟ್ಟೇ. ಆದ್ರ ಕಲಸಿ ಎರಡ್ಮೂರು ದಿನ ಹುಳಿ ಬಿಡ್ತಾರ. ಹಂಚಿನ ಮ್ಯಾಲ ಸುತ್ತಾಕಿ ಹೊಯ್ದ್ರ ತುಂಬೆಲ್ಲಾ ಸಣ್ಣ ಸಣ್ಣ ಕಣ್ಣು ಬೀಳ್ತಾವ."

ಅವರಿದ್ದ ಮನೆಯ ಒಡತಿ ಅಲ್ಮಾಜ್ ಎಂಬ ಮುದುಕಿಯಂತೆ. ನೀಲಗಿರಿ ಕಟ್ಟಿಗೆಯ ಹೊಗೆ, ಮೊರದಷ್ಟು ಅಗಲದ ರೊಟ್ಟಿ, ಅದರ ಮೇಲೇ ಬಡಿಸಿದ ಖಾರದ ಬೇಳೆ. ಶಾಲೆ ಮುಗಿಸಿ ಸೀಮೆಸುಣ್ಣದ ಕೈ ತೊಳೆದು ಕೂತರೆ, ಕೆಳಗೆ ಹಾಸಿದ ರೊಟ್ಟಿಯನ್ನೂ ಬಿಡದೆ ತಿಂದು ಏಳುವುದಂತೆ. ಇದನ್ನು ಹೇಳುವಾಗ ಮಾಮನ ದನಿಯೇ ಮೆತ್ತಗಾಗುತ್ತದೆ. ನನಗೂ ಒಮ್ಮೊಮ್ಮೆ ಬಾಯಲ್ಲಿ ನೀರೂರಿದ್ದುಂಟು, ಸುಳ್ಳೇಕೆ.

ಆದರೆ ಒಳಗೆ ಅಕ್ಕ ರೊಟ್ಟಿ ಬಡಿಯುವ ಸದ್ದು ಕೇಳುತ್ತಲೇ ಇರುತ್ತದಲ್ಲ. ಉಬ್ಬಿದ ಬಿಸಿ ರೊಟ್ಟಿ ಒಂದರ ಹಿಂದೊಂದು ಬಂದು ತಾಟಿಗೆ ಬೀಳುತ್ತದೆ. ಮಾಮ ಮುರಿದು ಉಣ್ಣುತ್ತಾರೆ, "ಸಾಕು" ಅನ್ನುತ್ತಾರೆ. ಅಷ್ಟೇ.

ಹೋದ ತಿಂಗಳು ಅಕ್ಕ ಹುಮನಾಬಾದಿಗೆ, ನಮ್ಮ ಮನೆಗೆ ಬಂದಾಗ ತಡೆಯಲಾರದೆ ಅಂದಳು: "ಅಲ್ಲೋ ತಮ್ಮಾ, ಆ ಮುದುಕಿ ರೊಟ್ಟಿ ಇಷ್ಟು ನೆನಸ್ತಾರ. ನಂದು ಒಂದ್ ದಿನಾರ ಚಲೋ ಆಗ್ಯದ ಅಂದಿಲ್ಲ. ಅವರ ಜೀವ ಅಲ್ಲೇ ಉಳದದ ಕಾಣ್ತದ."

ನನಗೆ ಪಿತ್ತ ನೆತ್ತಿಗೇರಿತು. ಅಕ್ಕ ಮಾತ್ರ ಕೂತು ಅಳುವವಳಲ್ಲ. ತನ್ನ ಮನೆಗೆ ಮರಳಿದವಳೇ ಜೋಳದ ಹಿಟ್ಟು ಕಲಸಿ ಮುಚ್ಚಿಟ್ಟಳು. ಮೂರನೆಯ ದಿನ ಭಾನುವಾರ ಬಿತ್ತು. ಸಾಕ್ಷಿಗಿರಲಿ ಅಂತ ನನ್ನನ್ನೂ ಕರೆಸಿದಳು.

ಮನೆಯೆಲ್ಲ ಹುಳಿ ಹುಳಿ ವಾಸನೆ. ಹಂಚಿನ ಮೇಲೆ ಸುತ್ತುತ್ತ ಹಿಟ್ಟು ಹೊಯ್ದಳು. ನಿಜಕ್ಕೂ ಕಣ್ಣು ಬಿದ್ದವು. ಮಾಮನಿಗೂ ನನಗೂ ಪುಂಡಿಸೊಪ್ಪಿನ ಪಲ್ಯದ ಜೊತೆ ಬಡಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಮಾಮ ತಿಂದರು. ಮತ್ತೊಂದು ತುತ್ತು ತಿಂದರು.

"ಹ್ಯಾಂಗ ಆಗ್ಯದ್ರಿ?"

"ಹುಳಿ ಸರಿ ಬಂದದ. ಕಣ್ಣೂ ಬಿದ್ದಾವ. ಆದ್ರ ಇದು ಅದಲ್ಲ."

ಅಕ್ಕನ ಮುಖ ಬಾಡಿತು. ಇನ್ನು ನನ್ನಿಂದ ಆಗಲಿಲ್ಲ. "ಮಾಮಾ, ಅಷ್ಟು ಬೇಕಾಗಿದ್ರ ನೀವು ಅಲ್ಲೇ ಇರಬೇಕಿತ್ತು," ಎಂದೆ.

ಮಾಮ ಸಿಟ್ಟಾಗಲಿಲ್ಲ. ಕೈಯಲ್ಲಿದ್ದ ತುತ್ತನ್ನು ತಾಟಿಗೆ ಮರಳಿ ಇಟ್ಟರು.

"ಅಲ್ಲಿ ಯಾರೂ ಒಬ್ಬರೇ ಉಣ್ಣಂಗಿಲ್ಲಪ್ಪ. ಎಲ್ಲಾ ರೊಟ್ಟಿ ಮಾಡಿ ಮುಗಿಸಿ, ಒಲಿ ಆರಿಸಿ, ಅಲ್ಮಾಜ್ ಬಂದು ನನ್ನ ಎದುರಿಗಿ ಕೂಡ್ತಿದ್ಲು. ಮೊದಲ ತುತ್ತು ನನ್ನ ಬಾಯಾಗ ಇಡ್ತಿದ್ಲು. ಅದು ಅವರ ರೂಢಿ. ಊರಿಗಿ ಹೋದ ಮ್ಯಾಲ ನಾನೂ ನಿಮ್ಮಕ್ಕನೂ ಹಿಂಗೇ ಕೂಡೂಣು ಅಂತ ದಿನಾ ಅನಕೋತಿದ್ದೆ. ಇಲ್ಲಿ ಬಂದ್ರ ನಾ ಇಲ್ಲಿ, ನಿಮ್ಮಕ್ಕ ಒಲಿ ಮುಂದ."

ಆಮೇಲೆ ಬಾಗಿಲ ಕಡೆ ತಿರುಗಿದರು. "ಚಲೋ ಆಗ್ಯದ ಅಂದ್ರ ನೀ ಇನ್ನೊಂದು ಬಿಸೀದು ತರಾಕ ಒಳಗ ಹೋಗ್ತಿ, ಮೀರಾ. ಅದಕ್ಕ ಅನ್ನಂಗಿಲ್ಲ."

ಇದನ್ನು ಬಂದ ದಿನವೇ ಹೇಳಲು ಈ ಮಹಾರಾಯರಿಗೆ ಏನಾಗಿತ್ತು? ಊರಿಗೆಲ್ಲ ಮಾತು ಕಲಿಸುವವರು. ಕೇಳಬೇಕೆಂದುಕೊಂಡೆ.

ಅಷ್ಟರಲ್ಲಿ ಮಾಮ ಎದ್ದು ಹೋಗಿ ಗ್ಯಾಸ್ ಆರಿಸಿದರು. ಅಕ್ಕನ ಕೈ ಹಿಡಿದು ತಂದು ಪಕ್ಕದಲ್ಲಿ ಕೂರಿಸಿಕೊಂಡರು. ಅವಳದೇ ಹುಳಿರೊಟ್ಟಿಯನ್ನು ಹರಿದು, ಪಲ್ಯ ಹಚ್ಚಿ ಅವಳ ಬಾಯಿಗೆ ಹಿಡಿದರು.

"ತಮ್ಮ ಕುಂತಾನ್ರಿ," ಎಂದಳು ಅಕ್ಕ.

"ಕೂಡ್ಲಿ. ಅವನೂ ಕಲೀಲಿ."

ಮದುವೆಯ ದಿನ, ಮದುಮಕ್ಕಳು ಒಟ್ಟಿಗೆ ಉಣ್ಣುವ ಭೂಮದ ಊಟದಲ್ಲಿ, ಹೆಂಗಸರೆಲ್ಲ ಸುತ್ತ ನಿಂತು ನಗುವಾಗ ಅವರ ಕೈತುತ್ತು ತಿಂದವಳು, ಈಗ ಮತ್ತೆ ತಿಂದಳು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆ. ಅಕ್ಕ ತಲೆ ತಗ್ಗಿಸಿ ಬಹಳ ಹೊತ್ತು ಅಗಿದಳು.

"ಪಲ್ಯಕ್ಕ ನಾ ಉಪ್ಪೇ ಹಾಕಿಲ್ಲ," ಎಂದಳು ಕೊನೆಗೆ. "ಇಷ್ಟೊತ್ತು ಇಬ್ಬರೂ ಸುಮ್ಮನ ಉಂಡಿರಲ್ಲ."

ಉಪ್ಪು ತರಲು ಏಳಹೋದಳು. ಮಾಮ ಕೈ ಬಿಡಲಿಲ್ಲ. ಡಬ್ಬಿ ಎಲ್ಲಿದೆಯೆಂದು ಹುಡುಕಿ ನಾನೇ ತಂದುಕೊಟ್ಟೆ.